ದೇವರಿಗೆ ಕೃತಜ್ಞತಾಸ್ತುತಿ ಸಲ್ಲಿಸುವ ಬಗೆ: ಕ್ರೈಸ್ತ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುವ ಕ್ರಮವನ್ನು ಸತ್ಯವೇದವು ಬಹಳ ವಿವರವಾಗಿ ಹೇಳಿಕೊಡುವ ಸ್ಥಳಗಳಲ್ಲಿ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಆರಂಭವೂ ಒಂದು. ಇಸ್ರಾಯೇಲಿನ ರೈತನು ತನ್ನ ಹೊಲದ ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ಯಾಜಕನ ಬಳಿಗೆ ತರಬೇಕು. ಯಾಜಕನು ಅದನ್ನು ಯಜ್ಞವೇದಿಯ ಮುಂದೆ ಇಟ್ಟ ಮೇಲೆ ಆ ರೈತನು ಕೈಮುಗಿದು ಹಿಂದಿರುಗುವಂತಿಲ್ಲ. ಅಲೆದಾಡುತ್ತಿದ್ದ ತನ್ನ ಪೂರ್ವಿಕನಿಂದ ಮೊದಲುಗೊಂಡು, ಐಗುಪ್ತದಲ್ಲಿ ಪಟ್ಟ ಬಾಧೆ, ಅಲ್ಲಿಂದ ದೊರೆತ ಬಿಡುಗಡೆ, ಈ ನೆಲಕ್ಕೆ ಬಂದು ನೆಲೆಸಿದ ಬಗೆ, ಇವೆಲ್ಲವನ್ನೂ ಅವನು ಬಾಯಿಬಿಟ್ಟು ಹೇಳಿದ ಮೇಲೆಯೇ ‘ಈಗ ಈ ಬೆಳೆಯನ್ನು ತಂದಿದ್ದೇನೆ’ ಎಂದು ಅರ್ಪಿಸಬೇಕು. ಅನಂತರ ತನ್ನ ಮನೆಯವರೊಡನೆಯೂ ದೇವರ ಆರಾಧನೆಯ ಸೇವೆಗೆ ನೇಮಕವಾದ ಲೇವಿಯರೊಡನೆಯೂ ನಡುವೆ ವಾಸವಾಗಿರುವ ಪರದೇಶಿಗಳೊಡನೆಯೂ ಸಂತೋಷಪಡಬೇಕು.

ನಮ್ಮ ಪ್ರಾರ್ಥನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುವುದು ಈ ಕ್ರಮದ ನಡುವಿನ ಭಾಗ, ಅಂದರೆ ನಡೆದದ್ದನ್ನು ಬಿಡಿಸಿ ಹೇಳುವುದು. ‘ನೀನು ಮಾಡಿದ ಎಲ್ಲಾ ಉಪಕಾರಗಳಿಗಾಗಿ ಸ್ತೋತ್ರ’ ಎಂಬ ಒಂದೇ ವಾಕ್ಯದಲ್ಲಿ ಸ್ತುತಿಯನ್ನು ಮುಗಿಸಿ, ಮರುಕ್ಷಣವೇ ಬೇಡಿಕೆಗಳಿಗೆ ಹೋಗುತ್ತೇವೆ. ಬೇಡಿಕೆಗಳನ್ನಾದರೋ ಹೆಸರು, ದಿನಾಂಕ, ಮೊತ್ತಗಳ ಸಮೇತ ವಿವರವಾಗಿ ಹೇಳುತ್ತೇವೆ. ಬೇಡುವಾಗ ತೋರುವ ಆ ಖಚಿತತೆಯನ್ನೇ ಸ್ತುತಿಸುವಾಗಲೂ ತೋರಬೇಕು ಎಂಬುದು ಈ ಬರಹದ ಮುಖ್ಯ ಸಲಹೆ, ಮುಂದೆ ಹೇಳುವ ವಿಧಾನಗಳೆಲ್ಲ ಇದನ್ನು ರೂಢಿಗೆ ತಂದುಕೊಳ್ಳುವುದಕ್ಕಾಗಿಯೇ ಇವೆ.

ವೈಯಕ್ತಿಕ ಪ್ರಾರ್ಥನೆಯಿಂದಲೇ ಆರಂಭಿಸಬಹುದು. ಲೊಯೋಲದ ಸಂತ ಇಗ್ನೇಷಿಯಸ್ (1491–1556) ಕಲಿಸಿದ ದಿನದ ಆತ್ಮಶೋಧನೆಯಲ್ಲಿ ಐದು ಹಂತಗಳಿದ್ದು, ಪಾಪವನ್ನು ನೆನೆಯುವುದಕ್ಕೂ ಕ್ಷಮೆ ಬೇಡುವುದಕ್ಕೂ ಮೊದಲು ಪಡೆದ ಉಪಕಾರಗಳಿಗಾಗಿ ದೇವರನ್ನು ವಂದಿಸುವುದೇ ಮೊದಲನೆಯ ಹಂತವಾಗಿದೆ. ಈ ಅನುಕ್ರಮವನ್ನು ಕಥೋಲಿಕರಲ್ಲದವರೂ ಧಾರಾಳವಾಗಿ ಅನುಸರಿಸಬಹುದು. ರಾತ್ರಿ ಮಲಗುವ ಮುನ್ನ, ಬೆಳಿಗ್ಗೆ ಎದ್ದಾಗಿನಿಂದ ನಡೆದದ್ದನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು, ಯಾವ ಗಳಿಗೆಯಲ್ಲಿ ದೇವರ ಸಹಾಯ ದೊರೆಯಿತೋ ಅಲ್ಲಿ ನಿಂತು, ಅದನ್ನು ಮಾತಿನಲ್ಲಿ ಹೇಳಬೇಕು. ಉದಾಹರಣೆಗೆ: ‘ಕರ್ತನೇ, ನಿನ್ನೆ ರಾತ್ರಿ ಅಮ್ಮನ ಜ್ವರ ಇಳಿಯಿತು, ಬೆಳಿಗ್ಗೆ ಅವರೇ ಎದ್ದು ಕುಳಿತು ಗಂಜಿ ಕುಡಿದರು. ಇದು ನಿನ್ನ ದಯೆಯಿಂದಾಯಿತೆಂದು ಒಪ್ಪಿಕೊಂಡು ನಿನ್ನನ್ನು ಕೊಂಡಾಡುತ್ತೇನೆ.’ ಭಾಷೆ ಅಲಂಕೃತವಾಗಿರಬೇಕಾಗಿಲ್ಲ. ನಡೆದ ಸಂಗತಿ ಅದರಲ್ಲಿರಬೇಕು ಮತ್ತು ಅದನ್ನು ಕೊಟ್ಟವನು ಯಾರೆಂಬ ಒಪ್ಪಿಗೆ ಇರಬೇಕು, ಅಷ್ಟೇ.

ಹೀಗೆ ನೆನೆಯುವಾಗ ಸ್ವಂತ ದುಡಿಮೆಯಿಂದ ಬಂದದ್ದನ್ನು ಹೊರಗಿಡುವ ಪ್ರವೃತ್ತಿ ಸಹಜವಾಗಿಯೇ ಇರುತ್ತದೆ. ರೋಗ ವಾಸಿಯಾದರೆ, ಅಪಘಾತದಿಂದ ಪಾರಾದರೆ ದೇವರನ್ನು ಸ್ತುತಿಸುತ್ತೇವೆ, ತಿಂಗಳ ಸಂಬಳಕ್ಕಾಗಿ ಸ್ತುತಿಸುವವರು ವಿರಳ. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯವು ಎಚ್ಚರಿಸುವುದು ಇದನ್ನೇ: ಒಳ್ಳೆಯ ಮನೆಗಳು ಎದ್ದು, ದನಕುರಿಗಳು ಹೆಚ್ಚಿದ ಮೇಲೆ, ‘ನನ್ನ ತೋಳಿನ ಬಲದಿಂದಲೇ ಇದೆಲ್ಲ ದೊರೆಯಿತು’ ಎಂದುಕೊಳ್ಳುವ ಅಪಾಯವಿದೆ, ಸಂಪಾದಿಸುವ ಶಕ್ತಿಯನ್ನು ಕೊಟ್ಟವನೂ ದೇವರೇ. ಆದುದರಿಂದ ಸಂಬಳ ಕೈಸೇರಿದ ದಿನ, ಅಡಿಕೆ ಅಥವಾ ಭತ್ತ ಮಾರಿದ ದಿನ, ಅಂಗಡಿಯ ಲೆಕ್ಕ ಮುಗಿಸಿದ ರಾತ್ರಿ ಆ ಆದಾಯವನ್ನೇ ಹೆಸರಿಸಿ ವಂದಿಸುವ ಅಭ್ಯಾಸವನ್ನು ಮಾಡಿಕೊಳ್ಳುವುದು ಒಳ್ಳೆಯದು. ವಾರದಲ್ಲಿ ಒಂದು ಸಲವಾದರೂ ಯಾವ ಬೇಡಿಕೆಯನ್ನೂ ಮುಂದಿಡದೆ, ಸ್ತುತಿಯಿಂದಲೇ ಆರಂಭಿಸಿ ಸ್ತುತಿಯಲ್ಲೇ ಮುಗಿಸುವ ಪ್ರಾರ್ಥನೆಯನ್ನು ಮಾಡಿ ನೋಡಿ. ಆರಂಭದಲ್ಲಿ ಇದು ಬಹಳ ಕಷ್ಟವೆನಿಸುತ್ತದೆ, ಏಕೆಂದರೆ ಬೇಡುವುದನ್ನು ಬಿಟ್ಟರೆ ದೇವರೊಡನೆ ಮಾತನಾಡುವ ಅಭ್ಯಾಸವೇ ನಮ್ಮಲ್ಲಿ ಅನೇಕರಿಗೆ ಇರುವುದಿಲ್ಲ.

ಕುಟುಂಬ ಪ್ರಾರ್ಥನೆಗೆ 136ನೆಯ ಕೀರ್ತನೆಯಷ್ಟು ಅನುಕೂಲವಾದ ಮಾದರಿ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಅದರಲ್ಲಿ 26 ವಚನಗಳಿವೆ. ಪ್ರತಿಯೊಂದು ವಚನದ ಮೊದಲ ಅರ್ಧದಲ್ಲಿ ದೇವರ ಒಂದು ಗುಣ ಅಥವಾ ಕಾರ್ಯ, ಎರಡನೆಯ ಅರ್ಧದಲ್ಲಿ ಆತನ ಕೃಪೆ ಶಾಶ್ವತವೆಂಬ ಪಲ್ಲವಿ. ಸೂರ್ಯಚಂದ್ರರ ಸೃಷ್ಟಿಯಿಂದ ಹೊರಟು, ಕೆಂಪು ಸಮುದ್ರ, ಅರಣ್ಯದ ಪ್ರಯಾಣ, ಸೀಹೋನ ಮತ್ತು ಓಗ ಎಂಬ ಅರಸರ ಹೆಸರುಗಳ ಮೂಲಕ ಹಾದು, ಎಲ್ಲಾ ಜೀವಿಗಳಿಗೆ ಆಹಾರ ಕೊಡುವವನು ಎಂಬಲ್ಲಿಗೆ ಅದು ಬಂದು ತಲುಪುತ್ತದೆ. ಹುಟ್ಟುಹಬ್ಬ, ವಿವಾಹದ ವಾರ್ಷಿಕೋತ್ಸವ, ಗೃಹಪ್ರವೇಶದಂಥ ದಿನಗಳಲ್ಲಿ ಕುಟುಂಬದವರು ಸೇರಿ ಇದೇ ಕಟ್ಟಿನಲ್ಲಿ ತಮ್ಮದೇ ಕೀರ್ತನೆಯನ್ನು ರಚಿಸಬಹುದು. ಅಜ್ಜ ಅಜ್ಜಿಯರು ಮೊದಲು ಹೇಳಲಿ: ಯಾವ ಊರಿನಿಂದ ಈ ಊರಿಗೆ ಬಂದೆವು, ಬರಗಾಲದ ವರ್ಷ ಯಾರು ಅಕ್ಕಿ ಕೊಟ್ಟರು, ಮೊದಲ ಮಗು ಉಳಿದದ್ದು ಹೇಗೆ. ಬಳಿಕ ತಂದೆತಾಯಿಯರು, ಕೊನೆಗೆ ಮಕ್ಕಳು. ಒಬ್ಬರು ಒಂದು ವಾಕ್ಯ ಹೇಳಿದಂತೆಲ್ಲ ಉಳಿದವರು ಪಲ್ಲವಿಯನ್ನು ಹೇಳಬೇಕು. ಮಕ್ಕಳು ಹೇಳುವುದನ್ನು ತಿದ್ದಬೇಡಿ; ಶಾಲೆಯಲ್ಲಿ ಗೆಳೆಯನು ಪೆನ್ಸಿಲ್ ಕೊಟ್ಟದ್ದಕ್ಕಾಗಿ ಮಗುವು ದೇವರನ್ನು ವಂದಿಸಿದರೆ ಅದೂ ಕೀರ್ತನೆಯಲ್ಲಿ ಇರಲಿ. ಹೀಗೆ ರಚಿಸಿದ್ದನ್ನು ಬರೆದಿಟ್ಟು, ಮುಂದಿನ ವರ್ಷ ಅದಕ್ಕೆ ಹೊಸ ವಚನಗಳನ್ನು ಸೇರಿಸುತ್ತ ಹೋದರೆ ಆ ಮನೆತನದ ಚರಿತ್ರೆಯೇ ಸ್ತುತಿಯ ರೂಪದಲ್ಲಿ ಉಳಿಯುತ್ತದೆ.

ಊಟದ ಪ್ರಾರ್ಥನೆಯ ಬಗ್ಗೆ ಒಂದೇ ಮಾತು. ಊಟಕ್ಕೆ ಮುಂಚೆ ಪ್ರಾರ್ಥಿಸುವುದು ಬಹುತೇಕ ಕ್ರೈಸ್ತ ಮನೆಗಳಲ್ಲಿ ಉಳಿದಿದೆ, ಊಟದ ಬಳಿಕ ವಂದಿಸುವುದು ಮರೆಯಾಗುತ್ತಿದೆ. ಉಂಡು ತೃಪ್ತರಾದಾಗ ದೇವರನ್ನು ಕೊಂಡಾಡಬೇಕೆಂದು ಧರ್ಮೋಪದೇಶಕಾಂಡ 8:10 ಹೇಳುವುದರಿಂದ, ತಟ್ಟೆ ಎತ್ತುವ ಮೊದಲು ಒಂದು ವಾಕ್ಯವನ್ನಾದರೂ ಹೇಳುವ ರೂಢಿಯನ್ನು ಮತ್ತೆ ತರಬೇಕು.

ಮನೆಯಲ್ಲಿ ಸಲ್ಲಿಸಿದ ಸ್ತುತಿಯನ್ನು ಸಭೆಯ ನಡುವೆಯೂ ಸಲ್ಲಿಸಬೇಕಾಗುತ್ತದೆ. ಲೂಕ 17ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯಿಂದ ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರು. ಹಿಂದಿರುಗಿ ಬಂದವನು ಸಮಾರ್ಯದವನೊಬ್ಬನೇ, ಅವನು ಮಹಾಶಬ್ದದಿಂದ ದೇವರನ್ನು ಕೊಂಡಾಡುತ್ತಲೇ ಬಂದನು. ಉಳಿದ ಒಂಬತ್ತು ಮಂದಿ ಮನಸ್ಸಿನೊಳಗೆ ಸಂತೋಷಪಟ್ಟಿರಲೂಬಹುದು, ಆದರೆ ಯೇಸುಸ್ವಾಮಿಯು ಅವರೆಲ್ಲಿ ಎಂದು ಕೇಳಿದನು. ನಮ್ಮ ಸಭೆಗಳಲ್ಲಿ ಇದಕ್ಕೆ ಹಲವು ದಾರಿಗಳಿವೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಕೃತಜ್ಞತಾ ಕಾಣಿಕೆಯನ್ನು ಲಕೋಟೆಯಲ್ಲಿಟ್ಟು, ಕಾರಣವನ್ನು ಬರೆದು ಸಭಾಪಾಲಕರಿಗೆ ಒಪ್ಪಿಸುವ ಪದ್ಧತಿಯಿದೆ. ಕಥೋಲಿಕರು ಕೃತಜ್ಞತೆಯ ಉದ್ದೇಶಕ್ಕಾಗಿ ಬಲಿಪೂಜೆಯನ್ನು ಅರ್ಪಿಸುವಂತೆ ಗುರುಗಳನ್ನು ಕೇಳಿಕೊಳ್ಳುತ್ತಾರೆ. ಇದನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಮುಂಚಿತವಾಗಿಯೇ ತಿಳಿಸಿಟ್ಟರೆ ಅನುಕೂಲ. ಲಕೋಟೆಯ ಮೇಲೆ ‘ದೇವರ ಉಪಕಾರಕ್ಕಾಗಿ’ ಎಂದಷ್ಟೇ ಬರೆಯುವುದಕ್ಕಿಂತ ‘ಮಗಳ ಪರೀಕ್ಷೆಯಲ್ಲಿ ದೊರೆತ ಸಹಾಯಕ್ಕಾಗಿ’ ಎಂದು ಬರೆಯುವುದು ಮೇಲು, ಏಕೆಂದರೆ ಆಗ ಸಭೆಯವರೂ ನಿಮ್ಮೊಡನೆ ನಿಶ್ಚಿತವಾದ ಒಂದು ಕಾರಣಕ್ಕಾಗಿ ಸ್ತುತಿಸಬಲ್ಲರು.

ಸಾಕ್ಷಿ ಹೇಳುವುದಕ್ಕೆ ಹೆಚ್ಚಿನ ಎಚ್ಚರ ಬೇಕು. ಸಭೆಯ ಮುಂದೆ ನಿಲ್ಲುವ ಮೊದಲು, ಏನು ನಡೆಯಿತು, ದೇವರು ಹೇಗೆ ಸಹಾಯ ಮಾಡಿದನು, ಈಗ ಏನು ಅರ್ಪಿಸಲು ಬಂದಿದ್ದೇನೆ ಎಂಬುದನ್ನು ಕಾಗದದಲ್ಲಿ ಬರೆದುಕೊಂಡು, ನಾಲ್ಕೈದು ನಿಮಿಷಗಳಲ್ಲಿ ಮುಗಿಸಬೇಕು. ಕುಟುಂಬದ ಇನ್ನೊಬ್ಬರ ಕಾಯಿಲೆ, ಸಾಲ ಅಥವಾ ದಾಂಪತ್ಯದ ಕಷ್ಟವನ್ನು ಅವರ ಒಪ್ಪಿಗೆಯಿಲ್ಲದೆ ಹೇಳಬಾರದು. ವೈದ್ಯರಿಂದ ಏನೂ ಆಗಲಿಲ್ಲ, ದೇವರಿಂದಲೇ ಆಯಿತು ಎಂದು ಚಿಕಿತ್ಸೆ ನೀಡಿದವರನ್ನು ಕಡೆಗಣಿಸಿ ಮಾತನಾಡುವುದರಿಂದ ದೇವರ ಮಹಿಮೆ ಹೆಚ್ಚುವುದಿಲ್ಲ, ಅವರ ಕೈಗಳನ್ನು ಬಳಸಿದವನೂ ಆತನೇ. ತನ್ನ ಉಪವಾಸ, ತನ್ನ ನಂಬಿಕೆ, ತನ್ನ ಕಣ್ಣೀರು ಎಂದು ಸಾಕ್ಷಿಯು ಹೇಳುವವನ ಕಡೆಗೇ ತಿರುಗತೊಡಗಿದರೆ ಅಲ್ಲಿಗೆ ನಿಲ್ಲಿಸುವುದೇ ಲೇಸು. ಲೂಕ 18ನೆಯ ಅಧ್ಯಾಯದ ಫರಿಸಾಯನ, ಅಂದರೆ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನೊಬ್ಬನ, ಪ್ರಾರ್ಥನೆಯನ್ನು ಗಮನಿಸಿ: ಅದು ದೇವರಿಗೆ ಸ್ತೋತ್ರ ಹೇಳುವ ಮಾತಿನಿಂದಲೇ ಆರಂಭವಾಗಿ, ತಾನು ಇತರರಂತಲ್ಲ, ದೂರದಲ್ಲಿ ನಿಂತಿರುವ ಸುಂಕದವನಂತೆಯೂ ಅಲ್ಲ ಎಂಬಲ್ಲಿಗೆ ಹೋಗುತ್ತದೆ. ‘ಅವರ ಮಕ್ಕಳು ಹಾಗಾದರು, ನಮ್ಮ ಮಕ್ಕಳನ್ನು ದೇವರು ಕಾಪಾಡಿದನು’ ಎಂಬಂಥ ಮಾತುಗಳು ಅದೇ ಜಾತಿಗೆ ಸೇರಿದವು. ನಮ್ಮ ಸ್ತುತಿಯಲ್ಲಿ ನೆರೆಯವರ ನಷ್ಟಕ್ಕೆ ಎಡೆ ಇರಬಾರದು.

ಅರ್ಪಣೆಯು ಹಂಚಿಕೆಯೊಡನೆ ಸೇರಿಕೊಂಡೇ ಇರಬೇಕೆಂಬುದನ್ನು ಯಾಜಕಕಾಂಡದ 7ನೆಯ ಅಧ್ಯಾಯ ವಿಶೇಷವಾಗಿ ತೋರಿಸುತ್ತದೆ. ಕೃತಜ್ಞತೆಗಾಗಿ ಸಮರ್ಪಿಸಿದ ಯಜ್ಞದ ಮಾಂಸವನ್ನು ಆ ದಿನವೇ ಊಟಮಾಡಬೇಕು, ಮರುದಿನದವರೆಗೆ ಏನನ್ನೂ ಉಳಿಸಬಾರದು ಎಂಬುದು ಅಲ್ಲಿಯ ನಿಯಮ. ಒಂದು ಇಡೀ ಪಶುವಿನ ಮಾಂಸವನ್ನು, ಜೊತೆಗೆ ರೊಟ್ಟಿಗಳನ್ನು, ಒಂದೇ ದಿನದಲ್ಲಿ ಮುಗಿಸಬೇಕಾದರೆ ಇತರರನ್ನು ಕರೆಯದೆ ಗತ್ಯಂತರವಿಲ್ಲ. ಮನೆಯಲ್ಲಿ ಕೃತಜ್ಞತಾ ಕೂಟವನ್ನು ಏರ್ಪಡಿಸುವವರು ಈ ನಿಯಮದ ಆಶಯವನ್ನು ನೆನಪಿನಲ್ಲಿಡಬೇಕು. ಮರಳಿ ಕರೆಯಬಲ್ಲ ಬಂಧುಗಳಷ್ಟೇ ಅಲ್ಲದೆ, ಒಂಟಿಯಾಗಿರುವ ವಿಧವೆಯರು, ಪರವೂರಿನಿಂದ ಕೆಲಸಕ್ಕೆ ಬಂದವರು ಆ ಊಟದಲ್ಲಿ ಇರಬೇಕು. ಸಾಲ ಮಾಡಿ ಅದ್ಧೂರಿಯ ಊಟ ಹಾಕಿಸುವ ಅಗತ್ಯ ಖಂಡಿತವಾಗಿಯೂ ಇಲ್ಲ, ಗಂಜಿ ಚಟ್ನಿಯ ಊಟವೂ ಕೃತಜ್ಞತೆಯ ಊಟವಾಗಬಲ್ಲುದು.

ನಮ್ಮ ನಾಡಿನ ಹಬ್ಬಗಳಲ್ಲಿ ಈ ಎರಡೂ ಸೇರಿಯೇ ಬಂದಿವೆ. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಂದು, ಮೊಂತಿ ಹಬ್ಬವನ್ನು ಆಚರಿಸುತ್ತಾರೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂವುಗಳನ್ನು ಚರ್ಚಿಗೆ ತಂದು ಅರ್ಪಿಸುತ್ತಾರೆ, ಹಬ್ಬದ ದಿನ ಭತ್ತದ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಆ ತೆನೆಯ ಕಾಳುಗಳನ್ನು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯವರೆಲ್ಲರೂ ಸೇರಿ ಸೇವಿಸಿದ ಮೇಲೆ ಸಸ್ಯಾಹಾರದ ಊಟ. ದಕ್ಷಿಣ ಭಾರತ ಸಭೆಯ ಸುಗ್ಗಿ ಹಬ್ಬಗಳಲ್ಲಿ ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿಗಳನ್ನು ತಂದೊಪ್ಪಿಸಿ, ಆರಾಧನೆಯ ಬಳಿಕ ಅವನ್ನು ಏಲಂ ಮಾಡುವ ರೂಢಿ ಅನೇಕ ಕಡೆ ಇದೆ. ನಗರದಲ್ಲಿ ನೆಲೆಸಿ ಹೊಲವಿಲ್ಲದವರು ಅಂಗಡಿಯಿಂದ ಕೊಂಡ ಹಣ್ಣನ್ನು ತರುವುದಕ್ಕಿಂತ, ಕುಂಡದಲ್ಲಿ ಬೆಳೆದ ಮೆಣಸಿನಕಾಯಿಯನ್ನೋ ತಾವೇ ಹೊಲಿದ ಬಟ್ಟೆಯನ್ನೋ ತಂದರೆ ಪುಟ್ಟಿ ಹೊತ್ತು ಬಂದ ಆ ರೈತನ ಅರ್ಪಣೆಗೆ ಹೆಚ್ಚು ಹತ್ತಿರವಾಗುತ್ತದೆ.

ದುಃಖದಲ್ಲಿರುವವರು ಹೇಗೆ ಸ್ತುತಿಸಬೇಕು? ಈ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟು ನಮ್ಮ ಸಭೆಗಳು ಎಷ್ಟೋ ಜನರನ್ನು ನೋಯಿಸಿವೆ. ಪೌಲನು ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರೆಂದು ಥೆಸಲೊನೀಕದವರಿಗೆ ಬರೆದಿರುವುದು ನಿಜ. ಆದರೆ ಬೇಥಾನ್ಯದಲ್ಲಿ ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯು ಮೊದಲು ಅತ್ತನು, ಆಮೇಲೆ ಕಣ್ಣುಗಳನ್ನು ಮೇಲಕ್ಕೆತ್ತಿ ತಂದೆಯನ್ನು ಸ್ತುತಿಸಿದನು. ಆ ಅನುಕ್ರಮಕ್ಕೆ ಅವಕಾಶ ಕೊಡಬೇಕು. 13ನೆಯ ಕೀರ್ತನೆಯು ಎಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುತ್ತ ಆರಂಭವಾಗಿ, ಕೊನೆಯ ವಚನದಲ್ಲಿ ಹಾಡಿಗೆ ತಲುಪುತ್ತದೆ. 88ನೆಯದು ಹಾಡಿಗೆ ತಲುಪದೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿದೆ. ಮಗುವನ್ನು ಕಳೆದುಕೊಂಡ ತಾಯಿಯ ಮನೆಗೆ ಹೋದವರು ‘ಸ್ತೋತ್ರ ಹೇಳಮ್ಮ’ ಎಂದು ಒತ್ತಾಯಿಸಬಾರದು. ಅವರು 88ನೆಯ ಕೀರ್ತನೆಯಲ್ಲಿರುವಷ್ಟು ದಿನ ಅವರ ಪರವಾಗಿ ನಾವು ಪ್ರಾರ್ಥಿಸಬೇಕು. ದುಃಖಿಸುವವರು ತಾವೇ ಸ್ತುತಿಸಲು ಬಯಸಿದಾಗ, ಸಾವಿಗಾಗಿ ವಂದಿಸಬೇಕೆಂಬ ಭಾರವನ್ನು ಹೊರದೆ, ಆ ವ್ಯಕ್ತಿಯೊಡನೆ ಕಳೆದ ವರ್ಷಗಳಿಗಾಗಿ, ಅವರ ಒಂದು ಮಾತಿಗಾಗಿ, ಅವರು ಕಲಿಸಿದ ಒಂದು ಕೆಲಸಕ್ಕಾಗಿ ವಂದಿಸಬಹುದು. ಇಲ್ಲಿಯೂ ಹೆಸರಿಸಿ ಹೇಳುವ ಕ್ರಮವೇ ಸಹಾಯಕ್ಕೆ ಬರುತ್ತದೆ.

ದೇವರು ಮನುಷ್ಯರ ಮೂಲಕ ಮಾಡಿದ ಸಹಾಯಕ್ಕೆ ಆ ಮನುಷ್ಯರನ್ನೂ ವಂದಿಸಬೇಕು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಫೊಯಿಬೆಯನ್ನು ಮೊದಲುಗೊಂಡು ಒಬ್ಬೊಬ್ಬರನ್ನೂ ಹೆಸರು ಹಿಡಿದು ನೆನೆಯುತ್ತಾನೆ; ತನ್ನ ಪ್ರಾಣಕ್ಕಾಗಿ ಕುತ್ತಿಗೆಯನ್ನೇ ಒಡ್ಡಿದ ಪ್ರಿಸ್ಕಳಿಗೂ ಅಕ್ವಿಲನಿಗೂ ತಾನು ಮಾತ್ರವಲ್ಲದೆ ಅನ್ಯಜನಗಳ ಎಲ್ಲಾ ಸಭೆಗಳೂ ಋಣಿಯೆಂದು ಬರೆಯುತ್ತಾನೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರು ಕೃತಜ್ಞತಾ ಆರಾಧನೆಯ ದಿನವನ್ನು ಗೊತ್ತುಮಾಡುವ ಮೊದಲೇ, ರಾತ್ರಿಯಿಡೀ ಎಚ್ಚರವಿದ್ದು ನೋಡಿಕೊಂಡ ನರ್ಸ್, ರಕ್ತ ಕೊಟ್ಟ ನೆರೆಯವರು, ಆಟೋ ತಂದ ಹುಡುಗ, ಇವರನ್ನು ಹುಡುಕಿಕೊಂಡು ಹೋಗಿ, ಏನು ಮಾಡಿದ್ದಕ್ಕಾಗಿ ಬಂದಿದ್ದೇವೆಂದು ಹೇಳಬೇಕು. ಅವರು ಯಾವ ಮತದವರೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಾಧ್ಯವಿದ್ದವರು ಸಭೆಗೆ ಕೊಡಲೆಂದು ತೆಗೆದಿಟ್ಟ ಕಾಣಿಕೆಯ ಜೊತೆಗೆ ಇನ್ನೊಂದು ಪಾಲನ್ನು ಎತ್ತಿಟ್ಟು, ಅದೇ ವಾರ್ಡಿನಲ್ಲಿ ಔಷಧಿಗೆ ಹಣವಿಲ್ಲದೆ ಮಲಗಿರುವ ಒಬ್ಬರ ಬಿಲ್ಲಿಗೆ, ತಮ್ಮ ಹೆಸರು ಹೇಳದೆ, ಕಟ್ಟಿಬರಲಿ.