ಬ್ಲೇಡು, ಪಿಟೀಲು ಮತ್ತು ಒಂದು ಸ್ಥಾಯಿಗೆ 96 ಸ್ವರ

ಒಂದು ಹಳೇ ತಂತಿ, ಶೇವಿಂಗ್ ಬ್ಲೇಡು, ಕಾಗದದ ಅಳತೆಪಟ್ಟಿ. ಒಂದು ಭಾನುವಾರ ಮಧ್ಯಾಹ್ನ ಇಷ್ಟನ್ನು ಇಟ್ಟುಕೊಂಡು ಪಿಟೀಲು ಹಿಡಿದು ಕೂತೆ. 1895ರಲ್ಲಿ ಮೆಕ್ಸಿಕೋ ಸಿಟಿಯ ಸಂಗೀತ ಶಾಲೆಯ ಹುಡುಗನೊಬ್ಬ ಮಾಡಿದ್ದನ್ನು ನಾನೂ ಮಾಡಿ ನೋಡಬೇಕಿತ್ತು.

ಆ ಹುಡುಗ ಹೂಲಿಯಾನ್ ಕಾರ್ರಿಯೊ, ಮುಂದೆ ಸಂಗೀತ ಸಂಯೋಜಕರಾದವರು. (ಬಹಳ ದಿನ ‘ಕ್ಯಾರಿಲ್ಲೋ’ ಅಂತಲೇ ಓದಿಕೊಂಡಿದ್ದೆ. ಸ್ಪ್ಯಾನಿಷಿನಲ್ಲಿ ಎರಡು ‘ಎಲ್’ ಒಟ್ಟಿಗೆ ಬಂದರೆ ‘ಯ’ ಅನ್ನಬೇಕು.) ಹುಟ್ಟಿದ್ದು 1875ರಲ್ಲಿ, ಸಾನ್ ಲೂಯಿಸ್ ಪೊಟೊಸಿ ರಾಜ್ಯದ ಅವಲುಲ್ಕೊ ಎಂಬ ಊರಿನಲ್ಲಿ. ಇಪ್ಪತ್ತನೇ ವಯಸ್ಸಿನಲ್ಲಿ ಪಿಟೀಲಿನ ದಪ್ಪ ತಂತಿಯ ಮೇಲೆ ಹರಿತವಾದ ಅಲಗು ಒತ್ತಿ ಹಿಡಿದು, ಒಂದು ಪೂರ್ಣ ಸ್ವರದಷ್ಟು ಅಂತರವನ್ನು ಹದಿನಾರು ಪಾಲು ಮಾಡಿ ಕೇಳಿದರಂತೆ. ನಮ್ಮ ಲೆಕ್ಕದಲ್ಲಿ ಷಡ್ಜದಿಂದ (ಸ) ಚತುಶ್ರುತಿ ರಿಷಭಕ್ಕೆ (ದೊಡ್ಡ ರಿ) ಇರುವ ದೂರ ಅದು. ಪಿಯಾನೋದಲ್ಲಿ ಅವೆರಡರ ನಡುವೆ ಇರುವುದು ಒಂದೇ ಮನೆ. ಇವರಿಗೆ ಹದಿನೈದು ಸಿಕ್ಕವು. ಹನ್ನೆರಡು ಸ್ವರಗಳ ಬೇಲಿ ದಾಟಿದ ಮೊದಲ ಸದ್ದು ಅಂತ ಅದನ್ನು ‘ಸೊನಿದೊ ತ್ರೇಸೆ’, ಅಂದರೆ 13ನೇ ಸದ್ದು ಎಂದು ಕರೆದರು. ಆಮೇಲೆ ಇಡೀ ಪದ್ಧತಿಗೇ ಆ ಹೆಸರು ನಿಂತಿತು.

ಬೆರಳಿನಲ್ಲೇ ಒತ್ತಬಹುದಿತ್ತಲ್ಲ, ಬ್ಲೇಡು ಯಾಕೆ? ಲೆಕ್ಕ ಹಾಕಿದಾಗ ಗೊತ್ತಾಯಿತು. ನನ್ನ ಪಿಟೀಲಿನ ತಂತಿಯ ಉದ್ದ 328 ಮಿಲಿಮೀಟರ್. ಚತುಶ್ರುತಿ ರಿಷಭ ಬರುವುದು ಮೇಲಿನಿಂದ ಸುಮಾರು 36 ಮಿಲಿಮೀಟರಿಗೆ. ಅದನ್ನು ಹದಿನಾರು ಪಾಲು ಮಾಡಿದರೆ ಒಂದೊಂದು ಮೆಟ್ಟಿಲು ಎರಡೂ ಕಾಲು ಮಿಲಿಮೀಟರ್ ಆಸುಪಾಸು. ನನ್ನ ತೋರುಬೆರಳ ತುದಿಯೊಂದೇ ಐದಾರು ಮೆಟ್ಟಿಲು ನುಂಗಿಹಾಕುತ್ತದೆ! ಬ್ಲೇಡಿನ ಅಂಚು ಇಟ್ಟರೆ ಮಾತ್ರ ತಂತಿ ಎಲ್ಲಿ ಮುಗಿಯಿತು ಅನ್ನುವುದು ಖಚಿತ. ಸದ್ದೂ ಬೆರಳಿನದ್ದಕ್ಕಿಂತ ಗಟ್ಟಿ, ಸ್ವಲ್ಪ ಲೋಹದ ಥರ. ಗೆರೆಯಿಂದ ಗೆರೆಗೆ ಸರಿಸುತ್ತಾ ಹೋದೆ. ಆರನೇ ಗೆರೆಯಲ್ಲಿ ತಂತಿ ಟಪ್ ಅಂತ ತುಂಡಾಯಿತು. ನೀವು ಮಾಡುವುದಾದರೆ ಬ್ಲೇಡಿನ ಹರಿತ ಬದಿ ಬೇಡ, ಬೆನ್ನು ಸಾಕು.

ಸರಿ, ಪಿಟೀಲು ಬಿಟ್ಟು ಕೀಬೋರ್ಡಿಗೆ ಬಂದೆ. ಒಂದು ಸ್ಥಾಯಿ, ಅಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗೆ, ಆರು ಪೂರ್ಣ ಸ್ವರ. ಪೂರ್ಣ ಸ್ವರಕ್ಕೆ 16 ಅಂದರೆ ಸ್ಥಾಯಿಗೆ 96. ಸ್ಥಾಯಿಯನ್ನು 1200 ಸೆಂಟ್ ಅಂತ ಅಳೆಯುವುದು ರೂಢಿ, ಹಾಗಾಗಿ ಒಂದು ಮೆಟ್ಟಿಲು 12.5 ಸೆಂಟ್. ಸರ್ಜ್ ಎಕ್ಸ್‌ಟಿ ಅನ್ನೋ ಉಚಿತ ಸಿಂಥ್ (ಕಂಪ್ಯೂಟರಿನಲ್ಲೇ ಸದ್ದು ಹುಟ್ಟಿಸುವ ವಾದ್ಯ) ಸಾಫ್ಟ್‌ವೇರ್ ಇದೆ. ಅದಕ್ಕೆ ಸ್ಕೇಲಾ ಫೈಲ್, ಅಂದರೆ ಸ್ವರಗಳ ಅಳತೆಯನ್ನು ಸಾಲು ಸಾಲಾಗಿ ಬರೆದ ಫೈಲ್, ಕೊಟ್ಟರೆ ಯಾವ ಸ್ವರಪಟ್ಟಿಯನ್ನಾದರೂ ನುಡಿಸುತ್ತದೆ. ಎಕ್ಸೆಲ್‌ನಲ್ಲಿ 12.5ರಿಂದ 1200ರವರೆಗೆ 96 ಸಾಲು ಎಳೆದು ಫೈಲಿಗೆ ಅಂಟಿಸಿದೆ.

ಮೊದಲ ಕೀ, ಷಡ್ಜ. ಎರಡನೆಯದು ಒಂದು ಕೂದಲೆಳೆ ಮೇಲೆ. ಮೂರನೆಯದು ಒತ್ತಿದರೆ ಕಿವಿ ಸೀಳುವಂಥ ಸೀಟಿ! ನಾಲ್ಕನೆಯದು ಸರಿ, ಐದನೆಯದು ಇನ್ನೂ ಮೇಲಿನ ಕೀರಲು. ಒಂದು ಬಿಟ್ಟು ಒಂದು ಕೆಟ್ಟಿತ್ತು. ಎರಡು ಸಂಜೆ ತಲೆ ಕೆರೆದುಕೊಂಡೆ. ಸ್ಪೀಕರ್ ಹಾಳಾಗಿದೆ ಅಂತಲೂ ಅಂದುಕೊಂಡೆ. ತಪ್ಪು ನನ್ನದೇ. ಸ್ಕೇಲಾ ಫೈಲಿನಲ್ಲಿ ಚುಕ್ಕಿ ಇರುವ ಸಂಖ್ಯೆ ಸೆಂಟ್, ಚುಕ್ಕಿ ಇಲ್ಲದ್ದು ಅನುಪಾತ. ಎಕ್ಸೆಲ್ ‘25.0’ ಅನ್ನು ‘25’ ಅಂತ ಬರೆದಿತ್ತು. ಸಿಂಥ್ ಅದನ್ನು ಷಡ್ಜದ ಇಪ್ಪತ್ತೈದು ಪಟ್ಟು ಅಂತ ಓದಿಕೊಂಡು 6500 ಹರ್ಟ್ಜ್ ಮೇಲೆ ಕೂಗುತ್ತಿತ್ತು. ಎಲ್ಲ ಸಾಲಿಗೂ ಚುಕ್ಕಿ ಹಾಕಿದ ಮೇಲೆ ಶಾಂತಿ.

ಆಮೇಲೆ ಇನ್ನೊಂದು ತಮಾಷೆ. ನನ್ನದು 61 ಕೀಗಳ ಕೀಬೋರ್ಡು. ಎಡತುದಿಗೆ ಷಡ್ಜ ಬರುವಂತೆ ಮಾಡಿಕೊಂಡು ಬಲತುದಿಯ ಕೀ ಒತ್ತಿದರೆ ಸಿಕ್ಕಿದ್ದು ಪಂಚಮಕ್ಕಿಂತ ಚೂರೇ ಮೇಲೆ. ತೋಳು ಪೂರ್ತಿ ಚಾಚಿದರೂ ಸ್ಥಾಯಿ ಮುಗಿಯಲಿಲ್ಲ. ಕಾರ್ರಿಯೊ ಮಾಡಿಸಿದ ಹದಿನಾರನೇ ಪಾಲಿನ ಪಿಯಾನೋ ನೆನಪಾಯಿತು. ಅದಕ್ಕೆ 97 ಕೀ, ಮಾಮೂಲಿ ಪಿಯಾನೋಗಿಂತ ಒಂಬತ್ತು ಜಾಸ್ತಿ. ಅಷ್ಟಿದ್ದೂ ಅದರೊಳಗಿರುವುದು ಒಂದೇ ಸ್ಥಾಯಿ. ಇಂಥ ಹದಿನೈದು ಬಗೆಯ ಪಿಯಾನೋಗಳಿಗೆ 1940ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದರು. ಜರ್ಮನಿಯ ಸೌಟರ್ ಕಂಪನಿ ಕಟ್ಟಿಕೊಟ್ಟಿತು. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಅವುಗಳನ್ನು ಪ್ರದರ್ಶನಕ್ಕೆ ಇಟ್ಟಾಗ ಅವರಿಗೆ 83 ವರ್ಷ. ಬ್ಲೇಡು ಹಿಡಿದ ದಿನದಿಂದ ಅಲ್ಲಿಗೆ 63 ವರ್ಷ!

ಅವರ ಸ್ವರಲಿಪಿಯೂ ನನಗೆ ಇಷ್ಟವಾಯಿತು. ಐದು ಗೆರೆಗಳ ಬದಲು ಬರೀ ಅಂಕಿ, 0ಯಿಂದ 95. ಅರ್ಧ ಸ್ವರಕ್ಕೆ 8. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ 0, ಚತುಶ್ರುತಿ ರಿಷಭ 16, ಅಂತರ ಗಾಂಧಾರ 32, ಪಂಚಮ 56. ಕೀಬೋರ್ಡಿನ ಮೇಲೆ ಸಣ್ಣ ಸ್ಟಿಕ್ಕರ್ ಅಂಟಿಸಿಕೊಂಡೆ. ಪಂಚಮ ಒಂದು ಕರಿ ಕೀ ಮೇಲೆ ಹೋಗಿ ಕೂತಿತ್ತು.

0 ಮತ್ತು 1 ಒಟ್ಟಿಗೆ ಒತ್ತಿದರೆ ಸದ್ದು ಸೆಕೆಂಡಿಗೆ ಸುಮಾರು ಎರಡು ಸಲ ಉಸಿರಾಡುತ್ತದೆ, ಊಂ-ಊಂ ಅಂತ. ಕಣ್ಣು ಮುಚ್ಚಿ ಕೇಳಿದರೆ ದೂರದ ಮೋಟಾರು. ನನಗೆ ನಿಜಕ್ಕೂ ರೋಮಾಂಚನ ಆಗಿದ್ದು ಗಾಂಧಾರದಲ್ಲಿ. ತಂಬೂರಿ ಆ್ಯಪ್ ಹಾಕಿ 32 ಒತ್ತಿದೆ. ಅದು ಪಿಯಾನೋದ ಗಾಂಧಾರ, 400 ಸೆಂಟ್. ಗರಗರ ಅನ್ನುತ್ತಿತ್ತು. ಪಕ್ಕದ 31 ಒತ್ತಿದೆ. ಗರಗರ ನಿಂತು ತಂಬೂರಿಯೊಳಗೇ ಕರಗಿಹೋಯಿತು. ತಂತಿಯ ಸಹಜ ಗಾಂಧಾರ 386 ಸೆಂಟ್ ಹತ್ತಿರ, 31 ಅಂದರೆ 387.5. ನಾವು ದಿನಾ ಹಾಡುವ ಗಾಂಧಾರ ಕಾರ್ರಿಯೊ ಅವರ ಮೂವತ್ತೊಂದನೇ ಮನೆಯಲ್ಲಿ ಸುಮ್ನೆ ಕೂತಿತ್ತು. ಅವರು ಇದಕ್ಕೋಸ್ಕರ ಪಾಲು ಮಾಡಿದ್ದಲ್ಲ. ಅವರಿಗೆ ಬೇಕಾಗಿದ್ದು ಹೊಸ ಸ್ವರಗಳು, ಅವೂ ಸಮಪಾಲು.

ಇಷ್ಟಾದ ಮೇಲೆ ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಅಂದುಬಿಡುವುದು ಸುಲಭ. ನಾನೂ ಶುರುವಿನಲ್ಲಿ ಹಾಗೇ ಅಂದುಕೊಂಡಿದ್ದೆ. ಅವರ ‘ಪ್ರೆಲೂದಿಯೊ ಆ ಕೊಲೋನ್’ ಕೇಳಿದ ಮೇಲೆ ಆ ಮಾತು ಬಿಟ್ಟೆ. 1922ರ ಕೃತಿ. ಒಂದು ಹೆಣ್ಣು ದನಿ, ಜೊತೆಗೆ ಕೊಳಲು, ಪಿಟೀಲು, ಗಿಟಾರು, ಒಕ್ಟವೀನಾ ಅನ್ನೋ ತಂತಿವಾದ್ಯ, ಹಾರ್ಪು. ಹಾರ್ಪ್ ಹದಿನಾರನೇ ಪಾಲುಗಳಲ್ಲಿ ಇಳಿಯುವಾಗ ನೀರು ಜಿನುಗಿದ ಹಾಗೆ ಕೇಳುತ್ತದೆ. ಆದರೆ ಒಂದೊಂದು ಹನಿಯೂ ಬೇರೆ ಬೇರೆ. ನಮ್ಮ ತೋಡಿ ರಾಗದ ಗಾಂಧಾರ ಓಲಾಡುತ್ತಲೇ ಬದುಕುತ್ತದೆ. ನಿಲ್ಲಿಸಿದರೆ ಅದು ತೋಡಿಯೇ ಅಲ್ಲ. ಇಲ್ಲಿ ಓಲಾಟ ಇಲ್ಲ. ಪ್ರತಿ ಮೆಟ್ಟಿಲ ಮೇಲೂ ಕಾಲು ಊರಿ ನಿಲ್ಲಬೇಕು. 1927ರಲ್ಲಿ ಸ್ಟೊಕೊವ್‌ಸ್ಕಿಯಂಥ ಆರ್ಕೆಸ್ಟ್ರಾ ನಿರ್ದೇಶಕರು ಇವರ ‘ಕಾನ್ಸರ್ಟಿನೊ’ವನ್ನು ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಕೈಲಿ ನುಡಿಸಿದರು. ಅಷ್ಟು ಜನ ವಾದಕರ ಜೊತೆ ಈ ಮೆಟ್ಟಿಲುಗಳನ್ನು ಹೇಗೆ ಅಭ್ಯಾಸ ಮಾಡಿಸಿದರೋ!

ನಾನು ಒಬ್ಬನೇ ಹಾಡಲು ಹೋಗಿ ಸೋತೆ. 0, 1, 2, 3, 4 ಅಂತ ಕೀಬೋರ್ಡ್ ಜೊತೆ ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಸ್ವರದ ಗ್ರಾಫ್ ತೆಗೆದೆ. ಮೆಟ್ಟಿಲು ಎಲ್ಲೂ ಇಲ್ಲ. ಚಂದದ ಒಂದು ಜಾರು! ಇಪ್ಪತ್ತು ವರ್ಷ ಗಮಕ ಕಲಿತ ಗಂಟಲು ಅದಷ್ಟಕ್ಕೇ ಎರಡನ್ನೂ ಬೆಸೆದುಬಿಡುತ್ತದೆ. ಒಳಗಿನಿಂದ ಅಮ್ಮ, “ಬೆಳಿಗ್ಗೆಯಿಂದ ಒಂದೇ ಸ್ವರ ಹಿಡ್ಕೊಂಡು ಕೂತಿದ್ದೀಯಲ್ಲ, ಶ್ರುತಿ ಸೇರ್ತಿಲ್ವಾ?” ಅಂದರು.

ಈಗ ದಿನಾ ಹತ್ತು ನಿಮಿಷ ಅಭ್ಯಾಸ. ಮೊದಲು 0ಯಿಂದ 8, ಆಮೇಲೆ 0ಯಿಂದ 4, ನಡುವೆ ಉಸಿರು ಬಿಟ್ಟು, ಬೆಸೆಯದೆ. ಎರಡು ತಿಂಗಳಾಯಿತು. 4ರ ಮೇಲೆ ಹತ್ತರಲ್ಲಿ ಏಳು ಸಲ ನಿಲ್ಲುತ್ತೇನೆ. 2 ಇನ್ನೂ ಜಾರುತ್ತದೆ. 1 ಹಾಡಿದೆ ಅಂತ ನನಗೆ ಅನ್ನಿಸಿದಾಗೆಲ್ಲ ಗ್ರಾಫ್ 0 ತೋರಿಸುತ್ತಿದೆ.