ಎರಡು ಪ್ರಾಣಿಗಳ ಕೋಶಗಳು ಅಣುಗಳನ್ನು ಹಂಚಿಕೊಳ್ಳುವುದನ್ನು ಪರೀಕ್ಷಿಸುವ ಬಗೆ

ಹ್ಯಾಮ್‌ಸ್ಟರ್‌ನ ಮೂತ್ರಪಿಂಡದಿಂದ ಬಂದ ಬಿಎಚ್‌ಕೆ ಕೋಶಗಳ ಮೇಲೆ ಚುಂಡಿಲಿಯ 3ಟಿ3 ಕೋಶಗಳನ್ನು ಬಿಟ್ಟರೆ, ಅವು ಪರಸ್ಪರ ತಾಗಿದಲ್ಲಿ ಕನೆಕ್ಸಿನ್ ಪ್ರೋಟೀನಿನ ಕಿರುನಾಳಗಳು, ಅಂದರೆ ಗ್ಯಾಪ್ ಜಂಕ್ಷನ್‌ಗಳು ರೂಪುಗೊಂಡು, ಸುಮಾರು 1,000 ಡಾಲ್ಟನ್‌ವರೆಗಿನ (ಡಾಲ್ಟನ್ ಅಣುಗಳ ತೂಕದ ಅಳತೆ) ಅಣುಗಳು ಆಚೀಚೆ ದಾಟುತ್ತವೆ. ತಾಗಿದ ಕೋಶಗಳ ಈ ಸಹಕಾರವನ್ನು ಗ್ಲಾಸ್ಗೋದಲ್ಲಿ ಸುಬಾಕ್-ಶಾರ್ಪ್, ಬರ್ಕ್ ಮತ್ತು ಪಿಟ್ಸ್ 1966ರಲ್ಲಿ ಕೋಶಗಳು ಡಿಎನ್‌ಎ, ಆರ್‌ಎನ್‌ಎ ಕಟ್ಟಲು ಬಳಸುವ ಹೈಪೋಕ್ಸಾಂಥಿನ್‌ನ ವಿಕಿರಣಶೀಲ ರೂಪವನ್ನು ಬಳಸಿ ತೋರಿಸಿದ್ದರು. ಇಂದು ಹೊಳೆಯುವ ಬಣ್ಣಗಳೇ ಸಾಕು.

ಮೊದಲು ಬಿಎಚ್‌ಕೆ ಕೋಶಗಳನ್ನು ಕವರ್‌ಸ್ಲಿಪ್‌ನ ಮೇಲೆ ಸಂದಿಲ್ಲದಂತೆ ಬೆಳೆಸಿಕೊಳ್ಳಿ. ಬೇರೊಂದು ತಟ್ಟೆಯಲ್ಲಿರುವ 3ಟಿ3 ಕೋಶಗಳಿಗೆ ಹಸಿರಾಗಿ ಹೊಳೆಯುವ ಕ್ಯಾಲ್ಸೀನ್-ಎಎಂ ಮತ್ತು ಕೆಂಪಾಗಿ ಹೊಳೆಯುವ ಡೈ-ಐ ಎಂಬ ಬಣ್ಣಗಳನ್ನು ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಡಿ. ಕ್ಯಾಲ್ಸೀನ್-ಎಎಂ ಒಳಹೊಕ್ಕ ಮೇಲೆ ಕೋಶದ ಕಿಣ್ವಗಳು ಅದನ್ನು ಕತ್ತರಿಸುತ್ತವೆ. ಉಳಿಯುವ 622 ಡಾಲ್ಟನ್‌ನ ಕ್ಯಾಲ್ಸೀನ್ ಪೊರೆಯನ್ನು ದಾಟಲಾರದಿದ್ದರೂ ಕಿರುನಾಳದ ಮೂಲಕ ಸಾಗಬಲ್ಲದು. ಡೈ-ಐ ಮಾತ್ರ ಪೊರೆಗೇ ಅಂಟಿಕೊಂಡಿರುತ್ತದೆ. ಕೋಶಗಳನ್ನು ಮೂರು ಬಾರಿ ತೊಳೆದು, ಟ್ರಿಪ್ಸಿನ್ ಎಂಬ ಕಿಣ್ವದಿಂದ ತಟ್ಟೆಯಿಂದ ಬಿಡಿಸಿ, ಸೀರಮ್ ಇರುವ ಪೋಷಕದ್ರವದಲ್ಲಿ ತೇಲಿಸಿ, ನೂರಾರು ಬಿಎಚ್‌ಕೆ ಕೋಶಗಳಿಗೆ ಒಂದರಂತೆ ಮೇಲಿನಿಂದ ಉದುರಿಸಿ.

ಎರಡರಿಂದ ನಾಲ್ಕು ಗಂಟೆಗಳ ಬಳಿಕ, ಕೋಶಗಳು ಜೀವಂತವಿರುವಾಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ. ಕೆಂಪೂ ಹಸಿರೂ ಇರುವುದು ದಾನಿ ಕೋಶ, ಅಂದರೆ 3ಟಿ3. ಅದರ ಸುತ್ತ ಕೆಂಪಿಲ್ಲದೆ ಹಸಿರು ಮಾತ್ರ ಇರುವ ಕೋಶಗಳು ಅಣುವನ್ನು ಪಡೆದವು; ಅವನ್ನು ಎಣಿಸಿ. ಅನುಮಾನ ಬಂದರೆ ಡಿಎನ್‌ಎಗೆ ಅಂಟುವ ಹೋಕ್ಸ್ಟ್ 33342 ಬಣ್ಣ ಸೇರಿಸಿ: ಚುಂಡಿಲಿಯ ಕೋಶಕೇಂದ್ರದಲ್ಲಿ ಪ್ರಖರ ಚುಕ್ಕೆಗಳು ಕಾಣುವುದರಿಂದ ದಾನಿಯನ್ನು ಗುರುತಿಸುವುದು ಸುಲಭವಾಗುತ್ತದೆ.

ಹಸಿರು ಕಂಡ ಮಾತ್ರಕ್ಕೆ ಹಿಗ್ಗಬಾರದು. ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ತೊಳೆಯುವ ಹಂತದಲ್ಲೇ. ಉಳಿದ ಬಣ್ಣವನ್ನು ಬಿಎಚ್‌ಕೆ ಕೋಶಗಳು ನೇರವಾಗಿ ದ್ರವದಿಂದ ಹೀರಿಕೊಂಡರೂ ಹಸಿರೇ ಕಾಣುವುದರಿಂದ, ದಾನಿ ಕೋಶಗಳನ್ನು ತಳಕ್ಕಿಳಿಸಿ ಮೇಲಿನ ದ್ರವವನ್ನಷ್ಟೇ ಬಿಎಚ್‌ಕೆ ಕೋಶಗಳ ಇನ್ನೊಂದು ಪದರಕ್ಕೆ ಹಾಕಿ. ಅಲ್ಲಿಯೂ ಹಸಿರು ಬಂದರೆ ಆ ದಿನದ ಎಣಿಕೆಯನ್ನು ಬಿಟ್ಟುಬಿಡಿ. ಕಾರ್ಬೆನಾಕ್ಸೊಲೋನ್ ಹಾಕಿದ ಪದರವೊಂದನ್ನೂ ಜೊತೆಗಿಡಬೇಕು: ಅದು ಕಿರುನಾಳಗಳನ್ನು ಮುಚ್ಚುವುದರಿಂದ ಅಲ್ಲಿ ಹಸಿರು ಹರಡುವುದು ತೀರ ಕಡಿಮೆಯಾಗಬೇಕು. ಗ್ಯಾಪ್ ಜಂಕ್ಷನ್ ತೀರ ವಿರಳವಾಗಿರುವ ಮನುಷ್ಯರ ಹೀಲಾ ಕೋಶಗಳೂ ಒಳ್ಳೆಯ ಹೋಲಿಕೆಯೇ. ಕ್ಯಾಲ್ಸೀನ್ ನಿಧಾನವಾಗಿ ಹೊರಗೂ ಸೋರುವುದರಿಂದ ಎಣಿಕೆಯನ್ನು ಮರುದಿನಕ್ಕೆ ಮುಂದೂಡಬೇಡಿ.

ಬೇರೆ ಜೋಡಿಯನ್ನು ಆರಿಸುವುದಾದರೆ ಬೆನ್ನೆಲುಬಿರುವ ಪ್ರಾಣಿಗಳೊಳಗೇ ಇರಿ. ಕೀಟಗಳ ಕಿರುನಾಳಗಳು ಇನೆಕ್ಸಿನ್ ಎಂಬ ಬೇರೆಯೇ ಪ್ರೋಟೀನಿನಿಂದಾದವು.