ಪುಟ್ಟ ನಾಯಿಗೆ ಕಾರೆಂದರೆ ಭಯವೇ? ಘಾಟಿ ರಸ್ತೆಯವರಿಗೆ ಕೆಲವು ಮಾತು

ನಮ್ಮ ಕೊಡಗಿನ ಸಂಪಾಜೆ ಘಾಟಿಯಲ್ಲಿ ಮನುಷ್ಯರಿಗೇ ಹೊಟ್ಟೆ ತೊಳಸುತ್ತದೆ. ಇನ್ನು ಕಿಟಕಿಯಾಚೆ ಏನೂ ಕಾಣದ ಗಿಡ್ಡ ನಾಯಿಗೆ ಹೇಗಾಗಬೇಡ? ನಮ್ಮ ನಾಯಿ ಏಲಕ್ಕಿ, ಪೊಮೆರೇನಿಯನ್ ಕ್ರಾಸ್. ಮೊದಲು ಕಾರಿನ ಬಾಗಿಲು ತೆಗೆದ ಸದ್ದಿಗೇ ಸೌದೆ ಕೊಟ್ಟಿಗೆಯೊಳಗೆ ನುಗ್ಗುತ್ತಿದ್ದಳು. ಈಗ ಕರೆಯದಿದ್ದರೂ ಬಂದು ಹತ್ತಿ ಕೂರುತ್ತಾಳೆ.

ಮೊದಲು ತಿಳಿಯಬೇಕಾದದ್ದು, ತೊಂದರೆ ಹೊಟ್ಟೆಯದೋ ಭಯದ್ದೋ ಅಂತ. ಜೊಲ್ಲು ಸುರಿಸುವುದು, ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು ಎರಡರಲ್ಲೂ ಇರುತ್ತದೆ. ಎಂಜಿನ್ ಆಫ್ ಮಾಡಿ ನಿಂತ ಕಾರಿನಲ್ಲೇ ನಡುಗಿದರೆ ಅದು ಭಯ. ನಿಂತಾಗ ಆರಾಮಾಗಿದ್ದು, ತಿರುವು ಶುರುವಾದ ಮೇಲೆ ಜೊಲ್ಲು ಬಂದರೆ ಹೊಟ್ಟೆಯ ತೊಂದರೆ. ನಮ್ಮ ಕಡೆ ಬಹಳ ಸಲ ಹೊಟ್ಟೆಯ ತೊಂದರೆಯಿಂದಲೇ ಭಯ ಹುಟ್ಟುತ್ತದೆ. ಹತ್ತಿದಾಗಲೆಲ್ಲ ವಾಂತಿ ಬಂದರೆ ಯಾರಿಗೆ ತಾನೇ ಕಾರು ಇಷ್ಟ ಆಗುತ್ತದೆ? ಮರಿಗಳಿಗೆ ಇದು ಜಾಸ್ತಿ. ಸಮತೋಲ ಕಾಯುವ ಒಳಕಿವಿ ಅವಕ್ಕೆ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಎಷ್ಟೋ ಮರಿಗಳಿಗೆ ಬೆಳೆಯುತ್ತಾ ಸರಿಹೋಗುತ್ತದೆ.

ಹೊಟ್ಟೆ ಸರಿಯಾಗದೆ ಭಯ ಹೋಗುವುದಿಲ್ಲ. ಹೊರಡುವ ಕೆಲವು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ಇರಲಿ. ಆದರೆ ತೀರಾ ಎಳೆ ಮರಿಯನ್ನು ಜಾಸ್ತಿ ಹೊತ್ತು ಹಸಿದಿಡಬೇಡಿ, ಎಷ್ಟು ಹೊತ್ತು ಅಂತ ಡಾಕ್ಟರನ್ನು ಕೇಳಿ. ಆಗಲೂ ವಾಂತಿ ನಿಲ್ಲದಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ನಾಯಿಗಳಿಗೆಂದೇ ಮರೋಪಿಟಂಟ್ ಎಂಬ ಮಾತ್ರೆ ಇದೆ, ತೂಕ ನೋಡಿ ಅವರೇ ಬರೆದುಕೊಡುತ್ತಾರೆ. ಮನೆಯಲ್ಲಿರುವ ನಮ್ಮ ವಾಂತಿ ಮಾತ್ರೆಯನ್ನು ಸುಮ್ನೆ ಅರ್ಧ ಮುರಿದು ಕೊಡಬೇಡಿ.

ಇನ್ನು ಭಯಕ್ಕೆ ಬರೋಣ. ತೋಟದವರಿಗೆ ಇಲ್ಲೊಂದು ಅನುಕೂಲ ಇದೆ, ಕಾಫಿ ಒಣಗಿಸುವ ಕಣ. ಕೊಯ್ಲಿನ ಕಾಲ ಬಿಟ್ಟರೆ ಅದು ಖಾಲಿ, ಸಮತಟ್ಟು, ಬೇರೆ ಗಾಡಿಯಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಾತ್ರ ಶುರುಮಾಡಬೇಡಿ. ಕಾರಿನ ತಲೆ ಮೇಲೆ ಬೀಳುವ ಮಳೆಯ ಸದ್ದೇ ಇನ್ನೊಂದು ಭಯವಾಗಿ ಕೂರುತ್ತದೆ.

ಕಣದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎರಡೂ ಬದಿಯ ಬಾಗಿಲು ತೆರೆದಿಡಿ, ಓಡಿಹೋಗಲು ದಾರಿ ಇದೆ ಅಂತ ನಾಯಿಗೆ ಕಾಣಬೇಕು. ಕಾರಿನ ಪಕ್ಕದಲ್ಲೇ ಬೇಯಿಸಿದ ಕೋಳಿ ಚೂರು ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. (ಪಂದಿಕರಿ, ಅಂದರೆ ಹಂದಿ ಸಾರಿನ ಮುಂದೆ ಕೋಳಿ ಯಾವ ಲೆಕ್ಕ ಅಂತ ನನ್ನ ತಮ್ಮನ ವಾದ. ಆ ಜಿಡ್ಡು, ಆ ಮಸಾಲೆ ನಾಯಿಗಲ್ಲ.) ಆಮೇಲೆ ಚೂರನ್ನು ಬಾಗಿಲ ಅಂಚಿನಲ್ಲಿಡಿ, ಆಮೇಲೆ ಸೀಟಿನ ಮೇಲೆ. ಎತ್ತಿ ಒಳಗೆ ಹಾಕಬೇಡಿ, ತಾನಾಗಿ ಹತ್ತಲಿ. ಸೀಟು ಎತ್ತರವಾದರೆ ಒಂದು ಮಣೆ ಇಡಿ.

ಆರಾಮಾಗಿ ಹತ್ತಿ ಇಳಿಯಲು ಶುರುಮಾಡಿದ ಮೇಲೆ ಬಾಗಿಲು ಕ್ಷಣಹೊತ್ತು ಹಾಕಿ ತೆಗೆಯಿರಿ. ನಂತರ ಎಂಜಿನ್ ಸದ್ದು. ನಂತರ ಕಣದಲ್ಲೇ ಒಂದು ಸುತ್ತು. ನಂತರ ಗೇಟಿನವರೆಗೆ. ಅಳತೆಗೋಲು ಆ ಕೋಳಿ ಚೂರೇ. ತಿಂದರೆ ಮುಂದಕ್ಕೆ ಹೋಗಿ, ಮುಖ ತಿರುಗಿಸಿದರೆ ಹಿಂದಿನ ಹಂತಕ್ಕೆ ಬನ್ನಿ. ವಾರಗಳೇ ಹಿಡಿಯಬಹುದು. ಹೆದರಿದಾಗ ಸವರಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವವರಿದ್ದಾರೆ, ಅದು ಸುಳ್ಳು. ಹತ್ತಿರ ಬಂದರೆ ಧಾರಾಳವಾಗಿ ಸವರಿ.

ಟಾರು ರಸ್ತೆಗೆ ಇಳಿದಾಗ ದಾರಿ ನೋಡಿ ಆರಿಸಿ. ನಮ್ಮದು ಸುಂಟಿಕೊಪ್ಪದ ಹತ್ತಿರ. ಮಡಿಕೇರಿ ಕಡೆ ತಿರುವು ಜಾಸ್ತಿ ಅಂತ ನಾವು ಕುಶಾಲನಗರದ ಕಡೆಯೇ ಹೊರಟೆವು. ಆದರೆ ನಡುವೆ ಆನೆಕಾಡಿನಲ್ಲಿ ಮಾತ್ರ ನಾಯಿಯನ್ನು ಇಳಿಸಬೇಡಿ, ಆನೆ ರಸ್ತೆ ದಾಟುವ ಜಾಗ ಅದು. ಕಾರು ಹತ್ತಿದರೆ ಡಾಕ್ಟರ ಸೂಜಿಯೇ ಅನ್ನುವ ಲೆಕ್ಕವೂ ನಾಯಿಯ ತಲೆಯಲ್ಲಿ ಕೂರಬಾರದು. ಸುಮ್ನೆ ಚಿಕ್ಕಮ್ಮನ ಮನೆಗೆ, ಗದ್ದೆ ಬದಿಗೆ ಕರೆದುಕೊಂಡು ಹೋಗಿ, ಒಂದಿಷ್ಟು ಓಡಾಡಿಸಿ ವಾಪಸ್ ಬನ್ನಿ.

ಕೂರಿಸುವ ಜಾಗ ಹಿಂದಿನ ಸೀಟು. ಮುಂದಿನ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಸಣ್ಣ ನಾಯಿ ಉಳಿಯುವುದು ಕಷ್ಟ. ತೊಡೆಯ ಮೇಲೂ ಬೇಡ, ಬ್ರೇಕ್ ಹಾಕಿದರೆ ಹಾರಿಹೋಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ತೊಡಿಸಿ, ಅದನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿ. ಕುತ್ತಿಗೆ ಪಟ್ಟಿಗೆ ಕಟ್ಟಬೇಡಿ. ಎದ್ದು ತಿರುಗುವಷ್ಟು ದೊಡ್ಡ ಪೆಟ್ಟಿಗೆಯನ್ನು ಬೆಲ್ಟಿನಿಂದ ಬಿಗಿದರೂ ಆಗುತ್ತದೆ, ಒಳಗೆ ಅದು ದಿನಾ ಮಲಗುವ ಬಟ್ಟೆಯನ್ನೇ ಹಾಸಿ. ಕೆಲವು ನಾಯಿಗಳಿಗೆ ಹೊರಗೆ ಕಂಡರೆ ಧೈರ್ಯ, ಕೆಲವಕ್ಕೆ ಪೆಟ್ಟಿಗೆಗೆ ಬಟ್ಟೆ ಮುಚ್ಚಿದರೆ ನೆಮ್ಮದಿ. ಎರಡನ್ನೂ ಮಾಡಿ ನೋಡಿ. ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಕಾರಿನ ಸೆಂಟು ತೆಗೆದಿಡಿ.

ಓಡಿಸುವವರಿಗೂ ಪಾಠ ಬೇಕು. ತಿರುವಿಗೆ ಮುಂಚೆಯೇ ನಿಧಾನ ಮಾಡಬೇಕು, ತಿರುವಿನ ಒಳಗೆ ಹೋಗಿ ಬ್ರೇಕ್ ಒತ್ತುವುದಲ್ಲ. ನನ್ನ ತಮ್ಮನಿಗೆ ಇದನ್ನು ಕಲಿಸುವುದು ಏಲಕ್ಕಿಗೆ ಕಲಿಸಿದ್ದಕ್ಕಿಂತ ಕಷ್ಟವಾಯಿತು.

ಇಷ್ಟೆಲ್ಲ ಮಾಡಿದರೂ ಬಾಗಿಲು ಕೆರೆಯುವುದು, ಕಿರುಚುವುದು ನಿಲ್ಲದಿದ್ದರೆ ಮತ್ತೆ ಡಾಕ್ಟರನ್ನೇ ಕೇಳಿ. ಪ್ರಯಾಣಕ್ಕೆ ಮುಂಚೆ ಕೊಡುವ ಭಯದ ಔಷಧಿಯೂ ಇದೆ. ಅದನ್ನು ಮೊದಲು ಮನೆಯಲ್ಲಿರುವ ದಿನ ಕೊಟ್ಟು, ಹೇಗಿರುತ್ತದೆ ಅಂತ ನೋಡಿಕೊಂಡ ಮೇಲೆಯೇ ದಾರಿಗೆ ಹೊರಡಿ.